ಕಿನಬಟಂಗನ್ ಹೊಳೆಲಿ ಒಂದು ಸಂಜೆ

ಬೋರ್ನಿಯೋಗೆ ಹೋಗ್ಬಂದೆ ಅಂದ್ರೆ ತೀರ್ಥಹಳ್ಳಿಲಿ ಎಲ್ರೂ ಮೊದ್ಲು ಕೇಳೋದು ಒರಾಂಗುಟಾನ್ ನೋಡಿದ್ಯಾ ಅಂತ. ನೋಡ್ದೆ ಮಾರಾಯ್ರೆ! ಬೋರ್ನಿಯೋ ದ್ವೀಪದಲ್ಲಿ ಮಲೇಷಿಯಾಕ್ಕೆ ಸೇರಿದ ಸಬಾ ರಾಜ್ಯದ ಕಿನಬಟಂಗನ್ ಅಂತ 560 ಕಿ.ಮೀ. ಉದ್ದದ ಹೊಳೆ, ಬೋಟಲ್ಲಿ ಕೂತಿದ್ವಿ, ಒಂದು ತಾಯಿ ಮರದ ತುದಿಲಿ ಕೊಂಬೆ ಒಂದೊಂದೇ ಬಗ್ಗಿಸಿ ಕಾಲಡಿ ಮೆಟ್ಟಿ ಮೇಲೆ ಸೊಪ್ಪು ಹಾಸಿ ಮಲಗೋಕೆ ಜಾಗ ಮಾಡ್ಕೊಳ್ತಿತ್ತು, ಮರಿ ಹೊಟ್ಟೆಗೆ ಅಂಟ್ಕೊಂಡೇ ಇತ್ತು. ಹೆಚ್ಚುಕಮ್ಮಿ ದಿನಾ ರಾತ್ರಿ ಹೊಸ ಗೂಡೇ ಬೇಕು ಅದಕ್ಕೆ. ಉದ್ದ ಮೂಗಿನ ಪ್ರೊಬೊಸಿಸ್ ಮಂಗನೂ ಸಿಕ್ತು, ಬೋರ್ನಿಯೋ ಬಿಟ್ರೆ ಬೇರೆಲ್ಲೂ ಇಲ್ಲ ಅದು. ಉಂಬಳ ಮಾತ್ರ ನಮ್ಮ ಆಗುಂಬೆದಕ್ಕಿಂತ ಜೋರು, ಹುಲಿಪಟ್ಟೆದು ಒಂದಿದೆ, ಎಲೆ ಮೇಲೆ ಕೂತು ಕಾಯುತ್ತೆ, ಕಚ್ಚಿದ್ರೆ ಉರಿ!

ಆದ್ರೆ ಇಷ್ಟೊಂದು ಪ್ರಾಣಿ ಹೊಳೆ ದಂಡೆಲೇ ಯಾಕೆ ಕಾಣುತ್ತೆ ಅಂದ್ರೆ, ಸುಮಾರು ಕಡೆ ಹಿಂದ್ಗಡೆ ಕಾಡೇ ಉಳಿದಿಲ್ಲ, ದಂಡೆಗುಂಟ ಒಂದು ಪಟ್ಟಿ, ಆಮೇಲೆ ಕಣ್ಣು ಹಾಯೋವರೆಗೂ ತಾಳೆಎಣ್ಣೆ ತೋಟ. ನಮ್ಮ ಅಕೇಶಿಯಾ ಪ್ಲಾಂಟೇಶನ್ನೂ ದೂರದಿಂದ ಹಸಿರೇ ಅಲ್ವಾ, ಒಳಗೆ ಮಂಗಟ್ಟೆ ಗೂಡಿಗೆ ಒಂದು ಪೊಟರೆ ಸಿಗಲ್ಲ. ಮಲೇಷಿಯಾದ ಆ ಎಣ್ಣೆ ಹಡಗು ಹತ್ತಿ ಇಂಡಿಯಾಕ್ಕೂ ಬರುತ್ತೆ, ಶಿವಮೊಗ್ಗದ ಬೋಂಡಾ ಬಾಣಲೆಗೂ ಬಂದಿರುತ್ತೆ, ಹಂಗಾಗಿ ಆ ತೋಟದವ್ರನ್ನ ಬೈಯೋಕೂ ನಂಗೆ ಬಾಯಿ ಬರ್ಲಿಲ್ಲ.