ಮಾಲು ಹೋಗ್ತೈತೆ, ರೊಕ್ಕ ನಿಲ್ಲವಲ್ದು. ಲೋನ್ ಮಾಡಿಸಲಾ?

ಬಳ್ಳಾರಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುವುದು ನನ್ನ ಕೆಲಸ. ಜೀನ್ಸ್ ಹೊಲಿಸುವವರು, ಕಿರಾಣಿ ಅಂಗಡಿಯವರು, ಗೊಬ್ಬರ ಮಾರುವವರು, ತೋರಣಗಲ್ಲಿನ ಕಡೆ ಫ್ಯಾಬ್ರಿಕೇಷನ್ ಶೆಡ್ ಹಾಕಿಕೊಂಡವರು ಬರುತ್ತಾರೆ. ಧಂದೆ ಬೇರೆ ಬೇರೆ. ಆದರೆ ಕುರ್ಚಿ ಎಳೆದುಕೊಂಡು ಕೂತ ಮೇಲೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಮಾಲು ಚೆನ್ನಾಗೇ ಹೋಗ್ತೈತೆ. ರೊಕ್ಕ ಮಾತ್ರ ಕೈಯಾಗ ನಿಲ್ಲವಲ್ದು. ಇನ್ನೊಂದು ಲೋನ್ ಮಾಡಿಸಲಾ?"

ನನ್ನ ಉತ್ತರ: ಈಗಲೇ ಬೇಡ. ಮೊದಲು ನಿಮ್ಮ ರೊಕ್ಕ ಎಷ್ಟು ದಿನ ಹೊರಗಿರುತ್ತದೆ ಅಂತ ಎಣಿಸೋಣ.

ಹೀಗೆ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಬ್ಯಾಂಕಿಗೆ ಕೊಡುವ ಕಾಗದಪತ್ರ ಮಾಡಿಸಿಕೊಂಡು ಹೋಗೋಣ ಅಂತ ಬಂದವರಿಗೆ ನಾನು ದಿನ ಎಣಿಸಲು ಹೇಳಿದರೆ ಹೇಗೆ? ಅದಕ್ಕೇ ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ಕೌಲ್ ಬಜಾರಿನಲ್ಲಿ ಮನೆ ಕೆಳಗೇ ಒಂದು ಸಣ್ಣ ಯೂನಿಟ್ ನಡೆಸುವ ಅಣ್ಣ ಒಬ್ಬರಿದ್ದಾರೆ. ಹನ್ನೆರಡು ಮೆಷಿನ್. ಕಟಿಂಗ್ ಅವರದೇ, ವಾಷಿಂಗಿಗೆ ಹೊರಗೆ ಕಳಿಸುತ್ತಾರೆ. ಒಂದು ದಿನ ಅವರ ಹತ್ತಿರವೇ ಹೋದೆ. ಕಟ್ಟಿಟ್ಟ ಪ್ಯಾಂಟಿನ ಬಂಡಲ್ ಮೇಲೆಯೇ ಕೂರಿಸಿ ಚಹಾ ತರಿಸಿದರು. ಐದು ಲಕ್ಷ ಲೋನ್ ಬೇಕು ಅಂದರು. "ಉದ್ರಿ ಪುಸ್ತಕ ತೋರಿಸ್ರೀ" ಅಂದೆ. ಉದ್ದನೆಯ ಕೆಂಪು ಪುಸ್ತಕ ತಂದರು. ಒಂದೊಂದು ಪುಟಕ್ಕೆ ಒಬ್ಬೊಬ್ಬ ಪಾರ್ಟಿಯ, ಅಂದರೆ ಮಾಲು ಕೊಳ್ಳುವವನ, ಹೆಸರು. ಹೆಸರಿನ ಕೆಳಗೆ ಮೊತ್ತ, ಅದಕ್ಕೆ ಗೀಟು, ಮತ್ತೆ ಮೊತ್ತ. ಕೂಡಿದ್ದು, ಕಳೆದದ್ದು ಎಲ್ಲ ಸರಿಯಾಗಿತ್ತು. ಒಂದು ಪೈಸೆ ತಪ್ಪಿರಲಿಲ್ಲ.

ತಾರೀಕು ಮಾತ್ರ ಎಲ್ಲೂ ಇರಲಿಲ್ಲ.

ಯಾರು ಎಷ್ಟು ಕೊಡಬೇಕು ಅಂತ ಅವರಿಗೆ ಬಾಯಲ್ಲೇ ಗೊತ್ತು. ಯಾವಾಗಿನಿಂದ ಕೊಡಬೇಕು ಅಂದರೆ "ದೀಪಾವಳಿ ಮುಂದಿನದು ಇರಬೇಕು", "ಆಗ ಮಗಳ ಮದುವೆ ಇತ್ತು, ಆ ಹೊತ್ತಿಂದು" ಅಂತ ನೆನಪು ಮಾಡಿಕೊಂಡರು. ಬಿಲ್ ಬುಕ್ ತೆಗೆದು, ಲಾರಿ ರಸೀದಿ ಹುಡುಕಿ, ಪ್ರತಿ ಮೊತ್ತದ ಪಕ್ಕ ತಾರೀಕು ಬರೆಯುವಷ್ಟರಲ್ಲಿ ಮಧ್ಯಾಹ್ನ ಊಟದ ಹೊತ್ತು ದಾಟಿತ್ತು. ಆಮೇಲೆ ನೋಡಿದರೆ, ಸರಾಸರಿ ತೊಂಬತ್ತು ದಿನದ ಮೇಲೆ ದುಡ್ಡು ವಾಪಸ್ ಬರುತ್ತಿತ್ತು. ಅವರೇ ಗಾಬರಿಯಾದರು. ಅವರ ಅಂದಾಜಿನಲ್ಲಿ ಅದು ಒಂದು ತಿಂಗಳು, ಒಂದೂವರೆ ತಿಂಗಳು.

ಆವತ್ತು ಹಾಕಿದ ಲೆಕ್ಕವನ್ನೇ ಇಲ್ಲಿ ದುಂಡು ಅಂಕಿಯಲ್ಲಿ ಕೊಡುತ್ತೇನೆ. ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

ಒಂದು ಪ್ಯಾಂಟಿಗೆ ಬಟ್ಟೆ, ಹೊಲಿಗೆ, ಜಿಪ್ಪು, ಗುಂಡಿ, ವಾಷಿಂಗ್, ಇಸ್ತ್ರಿ ಎಲ್ಲ ಸೇರಿ 350 ರೂಪಾಯಿ ಬಿತ್ತು ಅಂತ ಇಟ್ಟುಕೊಳ್ಳಿ. 400ಕ್ಕೆ ಕೊಟ್ಟಿರಿ. 50 ರೂಪಾಯಿ ಲಾಭ. ಕೇಳಲು ಚೆನ್ನಾಗಿದೆ. ಈಗ ದಿನ ನೋಡೋಣ. ಬಟ್ಟೆ ಬಂದು ಪ್ಯಾಂಟು ತಯಾರಾಗಲು 20 ದಿನ. ಲಾಟು ತುಂಬುವ ತನಕ ಮೂಲೆಯಲ್ಲಿ 15 ದಿನ. ಪಾರ್ಟಿ ರೊಕ್ಕ ಕೊಡಲು 90 ದಿನ. ಒಟ್ಟು 125. ಬಟ್ಟೆಯವರು ನಿಮಗೆ 30 ದಿನ ಉದ್ರಿ ಕೊಟ್ಟರು, ಅದನ್ನು ಕಳೆಯಿರಿ. ಉಳಿದ 95 ದಿನ ನಿಮ್ಮ ಸ್ವಂತ ರೊಕ್ಕ ಬೇರೆಯವರ ಹತ್ತಿರ ಇರುತ್ತದೆ. ಹೊಲಿಯುವವರಿಗೆ ವಾರವಾರ ಕೊಡಬೇಕಾದ್ದರಿಂದ ಒಬ್ಬೊಬ್ಬರ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗಬಹುದು.

ತಿಂಗಳಿಗೆ 1,000 ಪ್ಯಾಂಟು ಅಂದರೆ 3.5 ಲಕ್ಷದ ಮಾಲು. 95 ದಿನಕ್ಕೆ ಸುಮಾರು 11 ಲಕ್ಷ ಹೊರಗೆ ಕೂತಿದೆ. ಆ 11 ಲಕ್ಷವನ್ನು ಎಲ್ಲಿಂದ ತಂದಿರಿ? ನಮ್ಮ ಕಡೆ ಬಹಳ ಜನ ಎರಡು ರೂಪಾಯಿ ಬಡ್ಡಿಗೆ ತರುತ್ತಾರೆ. ಎರಡು ರೂಪಾಯಿ ಅಂದರೆ ಕಡಿಮೆ ಅನಿಸುತ್ತದೆ ಅಲ್ವಾ? ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕು. ಒಂದು ಪ್ಯಾಂಟಿನ 350 ರೂಪಾಯಿ ಮೇಲೆ 95 ದಿನಕ್ಕೆ 22 ರೂಪಾಯಿ ಬಡ್ಡಿ. 50 ರೂಪಾಯಿ ಲಾಭದಲ್ಲಿ 22 ಹೋಯಿತು. ಬೆಳಿಗ್ಗೆಯಿಂದ ರಾತ್ರಿ ತನಕ ದುಡಿದ ನಿಮಗೆ 28.

ಅದೇ ಪಾರ್ಟಿ 90ರ ಬದಲು 45 ದಿನಕ್ಕೆ ಕೊಟ್ಟರೆ? ಒಂದೂವರೆ ತಿಂಗಳ ಮಾಲಿನ ರೊಕ್ಕ, ಅಂದರೆ 5.25 ಲಕ್ಷ, ವಾಪಸ್ ನಿಮ್ಮ ಕೈಗೆ ಬರುತ್ತದೆ. ಆ ಅಣ್ಣ ಕೇಳಿದ್ದು ಐದು ಲಕ್ಷ. ಬ್ಯಾಂಕಿನಲ್ಲಿ ಕೇಳಬೇಕೆಂದಿದ್ದ ರೊಕ್ಕ ಅವರ ಕೆಂಪು ಪುಸ್ತಕದಲ್ಲೇ ಇತ್ತು.

ಇದರ ಮೇಲೆ ಜಿಎಸ್‌ಟಿ. ಮಾಲಿಗೆ ಜಿಎಸ್‌ಟಿ ಕಟ್ಟುವುದು ಬಿಲ್ ತಾರೀಕಿನ ಲೆಕ್ಕದಲ್ಲಿ. ಪಾರ್ಟಿ ನಿಮಗೆ ಕೊಟ್ಟನೋ ಇಲ್ಲವೋ ಅದನ್ನು ಕಾನೂನು ಕೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ರೆಡಿಮೇಡ್ ಬಟ್ಟೆಗೆ ಶೇ 5 ಇದೆ. ಮುಂಚೆ ಆ ಶೇ 5 ಇದ್ದದ್ದು 1,000 ರೂಪಾಯಿ ತನಕ ಮಾತ್ರ. ದರ ಕಡಿಮೆಯಾದದ್ದು ಒಳ್ಳೆಯದೇ. ಆದರೂ ಜೂನ್‌ನಲ್ಲಿ ಬಿಲ್ ಮಾಡಿದ ಮಾಲಿಗೆ, ಖರೀದಿಯಲ್ಲಿ ಕಟ್ಟಿದ ತೆರಿಗೆ ಕಳೆದು ಉಳಿದದ್ದನ್ನು ಜುಲೈನಲ್ಲಿ ನೀವು ಕಟ್ಟಬೇಕು. ಪಾರ್ಟಿಯ ರೊಕ್ಕ ಬರುವುದು ಸೆಪ್ಟೆಂಬರ್‌ಗೆ. ಅವನ ಪಾಲಿನ ತೆರಿಗೆಗೂ ನೀವೇ ಉದ್ರಿ ಕೊಟ್ಟ ಹಾಗೆ.

ಇಷ್ಟೆಲ್ಲ ಹೇಳಿದಾಗ ಬರುವ ಮಾತು: "ಉದ್ರಿ ಕೊಡಲ್ಲ ಅಂದ್ರೆ ಪಾರ್ಟಿ ಪಕ್ಕದವನ ಹತ್ರ ಹೋಗ್ತಾನಣ್ಣಾ." ನಿಜ. ಉದ್ರಿ ನಿಲ್ಲಿಸಿ ಅಂತ ನಾನು ಯಾರಿಗೂ ಹೇಳಿಲ್ಲ. ಉದ್ರಿಗೂ ಒಂದು ರೇಟು ಇದೆ, ಅದನ್ನು ಬಾಯಿಬಿಟ್ಟು ಹೇಳಿ ಅಂತೀನಿ. ನಗದಿಗೆ 390, 45 ದಿನಕ್ಕೆ 400. ಹೀಗೆ ಎರಡು ರೇಟು ಇಡಿ. 10 ರೂಪಾಯಿ ಬಿಟ್ಟುಕೊಟ್ಟೆ ಅಂತ ಹೊಟ್ಟೆ ಉರಿದುಕೊಳ್ಳಬೇಡಿ. 90 ದಿನ ಕಾದಿದ್ದರೆ ಅಷ್ಟು ದಿನಕ್ಕೆ 21 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು. ಎಲ್ಲರೂ ನಗದು ಕೊಡುವುದಿಲ್ಲ. ಹತ್ತರಲ್ಲಿ ಇಬ್ಬರು ಕೊಟ್ಟರೂ ವಾರದ ಕೂಲಿಗೆ ಬಡ್ಡಿಯವನ ಮನೆಗೆ ಹೋಗುವುದು ತಪ್ಪುತ್ತದೆ.

ತಯಾರು ಮಾಡುವವರಿಗೆ ಕಾನೂನಿನ ಬಲವೂ ಇದೆ. ಇದು ಗೊತ್ತಿಲ್ಲದವರೇ ಜಾಸ್ತಿ. 2006ರ ಎಂಎಸ್‌ಎಂಇಡಿ ಕಾಯ್ದೆ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದವರ ಹತ್ತಿರ ಮಾಲು ತೆಗೆದುಕೊಂಡವರು, ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಗಂಟು ಹಾಕಿದ್ದಾರೆ. ಈ ಅವಧಿಯೊಳಗೆ ಕೊಡದಿದ್ದರೆ ಆ ಬಾಕಿಯನ್ನು ಖರೀದಿದಾರ ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ. ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ದೊಡ್ಡ ಪಾರ್ಟಿಗಳು ತಾವಾಗಿಯೇ ಫೋನ್ ಮಾಡಿ "ನಿಮ್ಮದು ಉದ್ಯಮ್ ಐತೇನ್ರೀ?" ಅಂತ ಕೇಳುವುದು ಇದಕ್ಕೇ.

ಉದ್ಯಮ್ ಅಂದರೆ ಕಿರು, ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ. ಅದು 2020ರ ಜುಲೈ 1ರಿಂದ ಇದೆ. ಸರ್ಕಾರಕ್ಕೆ ಒಂದು ರೂಪಾಯಿ ಶುಲ್ಕವಿಲ್ಲ. ಆಧಾರ್, ಪ್ಯಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ಇದಕ್ಕೆ ಎರಡು ಸಾವಿರ, ಮೂರು ಸಾವಿರ ಕೊಟ್ಟು ಬಂದವರನ್ನು ನೋಡಿ ನನಗೆ ಹೊಟ್ಟೆ ಚುರ್ ಅಂದಿದೆ. ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ ಮೇಲೆ ಅಚ್ಚು ಹಾಕಿಸಿ. ಕೆಳಗೆ "45 ದಿನದಲ್ಲಿ ಪಾವತಿ" ಅಂತ ಒಂದು ಸಾಲು. ಅಷ್ಟಕ್ಕೇ ಒಪ್ಪಂದ ಆಗಿಬಿಡುವುದಿಲ್ಲ. ಪಾರ್ಟಿ ಹತ್ತಿರ ಒಂದು ಆರ್ಡರ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಗಟ್ಟಿ. ಒಂದು ಎಚ್ಚರ: ಬಾಕಿ ವಸೂಲಿಯ ಈ ರಕ್ಷಣೆ ತಯಾರು ಮಾಡುವವರಿಗೆ, ಸೇವೆ ಕೊಡುವವರಿಗೆ. ಬರೀ ತಂದು ಮಾರುವ ಅಂಗಡಿಯವರಿಗೆ ಉದ್ಯಮ್ ಇದ್ದರೂ ಇದು ಸಿಗಲ್ಲ. ಬ್ಯಾಂಕ್ ಸಾಲದಲ್ಲಿ ಆದ್ಯತೆ ಮಾತ್ರ ಸಿಗುತ್ತದೆ.

ಇನ್ನು ಸಿರುಗುಪ್ಪ ಕಡೆಯ ಕಿರಾಣಿ ಅಂಗಡಿಯವರ ಉದ್ರಿಯೇ ಬೇರೆ ತರಹ. ಅಲ್ಲಿ ಕಾಯ್ದೆ ಹಿಡಿದುಕೊಂಡು ಕೂರಲು ಆಗಲ್ಲ. ಕಾಲುವೆಗೆ ನೀರು ಬಿಟ್ಟಾಗ ಶುರುವಾದ ಉದ್ರಿ, ಭತ್ತ ಮಾರಿದ ಮೇಲೆ ತೀರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನನಗೆ ಬಂದ ಫೋನುಗಳಲ್ಲಿ ರೈತರಷ್ಟೇ ಅಂಗಡಿಯವರೂ ಇದ್ದರು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸುವ ತನಕ ಒಬ್ಬರಿಗೂ ನಿದ್ದೆ ಇಲ್ಲ. ಅವರ ಬಂಡವಾಳ ಅಕ್ಕಿ ಮೂಟೆ, ಎಣ್ಣೆ ಡಬ್ಬಿಯ ರೂಪದಲ್ಲಿ ಆ ಗದ್ದೆಗಳಲ್ಲೇ ಇತ್ತು. ಅಂಥವರಿಗೆ ನಾನು ಹೇಳುವುದು ಇಷ್ಟು. ಒಂದು ಮನೆಗೆ ಇಷ್ಟೇ ಅಂತ ಮಿತಿ ಹಾಕಿಕೊಳ್ಳಿ. ಮಿತಿ ಮುಟ್ಟಿದ ಮೇಲೆ ಅರ್ಧ ನಗದು, ಅರ್ಧ ಉದ್ರಿ. ಮುಖ ಕೆಡಿಸಿಕೊಳ್ಳದೆ, "ಯಪ್ಪಾ, ನಾನೂ ಸೇಟುಗೆ ಕೊಡ್ಬೇಕಲ್ಲ" ಅಂತ ಹೇಳಿದರೆ ಊರಿನವರು ಅರ್ಥ ಮಾಡಿಕೊಳ್ಳುತ್ತಾರೆ. ಎಲ್ಲ ಉದ್ರಿಯನ್ನೂ ಒಂದೇ ಕಾಲುವೆಯ ಕೆಳಗೆ ಇಡಬೇಡಿ. ಸಂಬಳದವರ ನಾಲ್ಕು ಮನೆ ಇದ್ದರೆ ಅವರನ್ನು ಉಳಿಸಿಕೊಳ್ಳಿ.

ಫೋನಿನ ವಿಷಯಕ್ಕೆ ಬರೋಣ. ಉದ್ರಿ ಬರೆಯಲು ಕನ್ನಡದಲ್ಲೇ ಆ್ಯಪ್‌ಗಳಿವೆ, ಖಾತಾಬುಕ್ ತರಹದವು. ತಾರೀಕು ತಾನೇ ಬೀಳುತ್ತದೆ, ಅದೇ ದೊಡ್ಡ ಉಪಕಾರ. ಆ್ಯಪ್ ಒಗ್ಗದವರು ಕೆಂಪು ಪುಸ್ತಕದಲ್ಲೇ ತಾರೀಕಿಗೆ ಒಂದು ಕಾಲಂ ಗೀಟು ಎಳೆಯಿರಿ, ಸಾಕು. ಅವಧಿ ಮುಗಿದ ಮೇಲೆ ಕೇಳುವುದಕ್ಕಿಂತ ಮುಗಿಯುವ ಐದು ದಿನ ಮುಂಚೆ ಬಿಲ್ ಫೋಟೋ ಜೊತೆ ವಾಟ್ಸ್‌ಆ್ಯಪ್ ಮಾಡಿ. ಮುಂಚೆ ಕೇಳಿದರೆ ನೆನಪು ಮಾಡಿದ ಹಾಗೆ, ಆಮೇಲೆ ಕೇಳಿದರೆ ಜಗಳ ಮಾಡಿದ ಹಾಗೆ.

ಇನ್‌ಸ್ಟಾಗ್ರಾಂ ಜಾಹೀರಾತು ಕೊಡಲಾ ಅಂತಲೂ ಕೇಳುತ್ತಾರೆ. ಉದ್ರಿಗೆ ಹೋಗುವ ಮಾಲಿಗೆ ಜಾಹೀರಾತು ಕೊಟ್ಟರೆ ಉದ್ರಿಯೇ ಬೆಳೆಯುತ್ತದೆ. ಮೂಲೆಯಲ್ಲಿ ಉಳಿದ ಮಾಲಿಗೆ ಕೊಡಿ. 28, 40 ಸೈಜಿನ ಪ್ಯಾಂಟು ಪ್ರತಿ ಲಾಟಿನಲ್ಲೂ ಉಳಿಯುತ್ತವೆ. ಅವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ, ಸೊಂಟದ ಅಳತೆ ಟೇಪ್ ಇಟ್ಟು ಫೋಟೋ ತೆಗೆದು, ನೇರವಾಗಿ ಹಾಕಿಕೊಳ್ಳುವವರಿಗೇ ಮಾರಿ. ರೊಕ್ಕ ಅವತ್ತೇ ಯುಪಿಐನಲ್ಲಿ ಬರುತ್ತದೆ.

ಯುಪಿಐ ಅಂದ ಕೂಡಲೇ ಕೆಲವರು ಹೆದರುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ಅಂಗಡಿಯವರಿಗೆ ತೆರಿಗೆ ನೋಟಿಸ್ ಬಂದಾಗ ಇಲ್ಲೂ ಒಂದಿಬ್ಬರು ಸ್ಕ್ಯಾನರ್ ತೆಗೆದಿಟ್ಟರು. ದಯವಿಟ್ಟು ಹಾಗೆ ಮಾಡಬೇಡಿ. ಬರೀ ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಗದಿನಲ್ಲಿ ಮಾರಿದರೂ ಬೇಕು. ನಾಳೆ ನಿಜವಾಗಿಯೂ ಲೋನ್ ಬೇಕಾದಾಗ ಬ್ಯಾಂಕಿನವರು ನೋಡುವುದು ಆ ಸ್ಟೇಟ್‌ಮೆಂಟನ್ನೇ.

ಹಾಗಾದರೆ ಲೋನ್ ಯಾವಾಗ? ಹೊಸ ಮೆಷಿನ್‌ಗೆ, ತಾರೀಕು ಗಟ್ಟಿ ಇರುವ ಆರ್ಡರ್‌ಗೆ ತೆಗೆದುಕೊಳ್ಳಿ. ಉದ್ರಿಯ ಗುಂಡಿ ತುಂಬಲು ತೆಗೆದುಕೊಳ್ಳಬೇಡಿ. ತೆಗೆದುಕೊಂಡರೂ ಮೊದಲು ಸರ್ಕಾರದ ಮುದ್ರಾ ಯೋಜನೆಯ ಸಾಲ ಕೇಳಿ. 10 ಲಕ್ಷದ ತನಕ ಅಡಮಾನ ಬೇಡ, ಹಳೆಯದನ್ನು ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದ ತನಕ ಇದೆ. ಮಷಿನ್ ಇಟ್ಟುಕೊಂಡು ಮನೆಯಲ್ಲೇ ಹೊಲಿಯುವ ದರ್ಜಿಗಳಿಗೆ, ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರಿಗೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಇದೆ. ದಿನ ದಿನ ಕಟ್ಟುವ ಫೈನಾನ್ಸ್ ಕಡೆ ಮಾತ್ರ ಹೋಗಬೇಡಿ.

ಕೌಲ್ ಬಜಾರಿನ ಅಣ್ಣ ಆ ಲೋನ್ ಮಾಡಿಸಲಿಲ್ಲ. ಎಂಟು ಪಾರ್ಟಿಗಳಿಗೆ ತಾರೀಕು ಸಮೇತ ಬಾಕಿ ಬರೆದು ಕಳಿಸಿದೆವು. ಐವರು ಎರಡು ತಿಂಗಳೊಳಗೆ ಪೂರ್ತಿ ಕೊಟ್ಟರು. ಒಬ್ಬ ಸಿಟ್ಟಾಗಿ ಮಾಲು ತೆಗೆದುಕೊಳ್ಳುವುದನ್ನೇ ಬಿಟ್ಟ. ಆ ಜಾಗಕ್ಕೆ ಇನ್ನೊಬ್ಬ ಸಿಗುವ ತನಕ ಮೂರು ಮೆಷಿನ್ ಖಾಲಿ ನಿಂತವು, ಅದು ಕಷ್ಟದ ಹೊತ್ತೇ. ಒಬ್ಬ ಕಂತಿನಲ್ಲಿ ಕೊಡುತ್ತಿದ್ದಾನೆ. ಕೊನೆಯವನದು ವರ್ಷ ದಾಟಿದೆ, ಫೋನ್ ಎತ್ತುತ್ತಿಲ್ಲ. ಅವನ ಮೇಲೆ ತಡವಾದ ಬಾಕಿಯ ದೂರಿಗೆ ಸರ್ಕಾರ ಇಟ್ಟಿರುವ ಪೋರ್ಟಲ್‌ನಲ್ಲಿ ದೂರು ಹಾಕಲು ಈ ವಾರ ಬಿಲ್ಲು, ಲಾರಿ ರಸೀದಿ ಜೋಡಿಸುತ್ತಿದ್ದೇವೆ. ಒಂದು ರಸೀದಿ ಸಿಕ್ಕಿಲ್ಲ. ಟ್ರಾನ್ಸ್‌ಪೋರ್ಟಿನವರ ಹತ್ತಿರ ಹಳೆ ಪ್ರತಿ ಇರಬಹುದು, ನಾಳೆ ಬೆಳಿಗ್ಗೆ ಹೋಗಿ ಕೇಳಬೇಕು.