ಹನ್ನೊಂದು ಸಾವಿರ ಮೈಲಿಯ ಗಾಡಿ, ಒಂದೂಕಾಲು ಲಕ್ಷ ಮೈಲಿಯ ಗಾಡಿ

2025 ಮೇ 17, ಶನಿವಾರ
ಕೊಲಂಬಸ್, ಒಹಾಯೊ

ಇವತ್ತು ಇಡೀ ದಿನ ಬೇರೆಯವರ ಗ್ಯಾರೇಜಿನಲ್ಲೇ ಕಳೆಯಿತು. ನಮ್ಮ ಆಫೀಸಿನಲ್ಲಿರುವ ಹಾಸನದ ಹುಡುಗನಿಗೆ ಗೋಲ್ಡ್‌ವಿಂಗ್, ಅಂದರೆ ಹೋಂಡಾದ ಭಾರಿ ಟೂರಿಂಗ್ ಬೈಕು ಬೇಕಂತೆ. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ, ಹಾಗಾಗಿ ಹಳೇ 1500 ಸಿಸಿ ಮಾಡೆಲ್. "ಅಣ್ಣ, ನೀವು ಬಂದು ಒಂದ್ಸಲ ಎಂಜಿನ್ ನೋಡಿ, ಆಮೇಲೆ ದುಡ್ಡು ಬಿಚ್ತೀನಿ" ಅಂತ ಚಳಿ ಬಿಟ್ಟಾಗಿನಿಂದ ಬೆನ್ನು ಬಿದ್ದಿದ್ದ.

ಎರಡು ಗಾಡಿ ನೋಡಿಟ್ಟಿದ್ದ. ಒಂದು 2000ದ ಮಾಡೆಲ್, ಓಡಿರುವುದು ಬರೀ 11,000 ಮೈಲಿ. ಇನ್ನೊಂದು 1998ರದು, 1,27,000 ಮೈಲಿ, ಅಂದರೆ ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಬೆಲೆ ಮೊದಲನೆಯದರ ಅರ್ಧಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ಅವನ ಮನಸ್ಸು ಮೊದಲನೆಯದರ ಮೇಲೆ ಕೂತಾಗಿತ್ತು, ಎರಡನೆಯದನ್ನು ಸುಮ್ನೆ ನೋಡಿ ಬರೋಣ ಅನ್ನುವ ಲೆಕ್ಕ.

ಈ ಕಡೆ ಹಳೇ ಗೋಲ್ಡ್‌ವಿಂಗ್‌ಗೆ ಬರ ಇಲ್ಲ. ಮೈಸೂರಿನವರಿಗೆ ಜಾವಾ ಹೇಗೋ ಇಲ್ಲಿಯವರಿಗೆ ಇದು ಹಾಗೆ. ಹೋಂಡಾ ಅಂದರೆ ಜಪಾನ್ ಅಂದುಕೊಳ್ಳುತ್ತೇವೆ, ಆದರೆ 1980ರಿಂದ 2009ರ ತನಕ ಗೋಲ್ಡ್‌ವಿಂಗ್ ತಯಾರಾಗಿದ್ದು ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಮೇರೀಸ್‌ವಿಲ್‌ನಲ್ಲಿ. 1985ರಲ್ಲಿ ಅದರ ಎಂಜಿನ್‌ಗೆ ಅಂತಲೇ ಆನಾ ಅನ್ನುವ ಸಣ್ಣ ಊರಲ್ಲಿ ಇನ್ನೊಂದು ಫ್ಯಾಕ್ಟರಿ ಶುರುವಾಯಿತು. ಬಿಡಿಭಾಗ, ಪುಕ್ಕಟೆ ಸಲಹೆ, ಎರಡೂ ಇಲ್ಲಿ ಧಾರಾಳ.

ಮೊದಲನೆಯ ಮನೆ. ಗಾಡಿ ಫಳಫಳ ಹೊಳೆಯುತ್ತಿತ್ತು. ಹುಡುಗ ಅಲ್ಲೇ ಕರಗಿಹೋದ. ನಾನು ಹೋದ ಕೂಡಲೇ ಎಂಜಿನ್ ಕೇಸಿನ ಮೇಲೆ ಕೈ ಇಟ್ಟೆ, ಬಿಸಿ ಇತ್ತು. ಸ್ಟಾರ್ಟ್ ಮಾಡಬೇಡಿ, ತಣ್ಣಗಿರಲಿ ಅಂತ ಮೊದಲೇ ಫೋನಿನಲ್ಲಿ ಹೇಳಿದ್ದೆವು. "ನೀವು ಬರ್ತೀರಿ ಅಂತ ರೆಡಿ ಮಾಡಿ ಇಟ್ಟಿದ್ದೆ" ಅಂದರು ಮಾರುವವರು. ಇರಬಹುದು. ಆದರೆ ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಹೇಳುವುದಿಲ್ಲ. ತಣ್ಣಗಿದ್ದಾಗ ಎಷ್ಟು ಹೊತ್ತಿಗೆ ಹತ್ತಿಕೊಳ್ಳುತ್ತದೆ, ಚೋಕ್ ತೆಗೆದ ಮೇಲೆ ನಿಲ್ಲುತ್ತದೋ ಕೆಮ್ಮುತ್ತದೋ, ಮೊದಲ ನಿಮಿಷ ಸೈಲೆನ್ಸರಿನಲ್ಲಿ ಯಾವ ಬಣ್ಣದ ಹೊಗೆ, ಇದೆಲ್ಲ ನೋಡಬೇಕಾದ್ದೇ ಆವಾಗ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರಲ್ಲ, ಅದನ್ನು ಬಗ್ಗಿ ಓದಿದೆ: 2307. ಅಂದರೆ 2007ನೇ ಇಸವಿಯ ಇಪ್ಪತ್ಮೂರನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಇನ್ನೂ ಚೆನ್ನಾಗಿವೆ, ರಬ್ಬರ್ ಮಾತ್ರ ಕಲ್ಲು. ಬ್ರೇಕ್ ಆಯಿಲ್ ಕಪ್ಪಗಾಗಿತ್ತು. ಪೆಟ್ರೋಲಿಗೆ ವಾರ್ನಿಷ್ ವಾಸನೆ. ಇಲ್ಲಿ ಪೆಟ್ರೋಲಿಗೆ ಶೇ. 10 ಎಥನಾಲ್ ಬೆರೆಸುತ್ತಾರೆ, ನಿಂತ ಗಾಡಿಯ ಕಾರ್ಬ್ಯುರೇಟರ್ ಜೆಟ್ಟುಗಳಿಗೆ, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತುಗಳಿಗೆ ಅದು ಶತ್ರು. ಆಯಿಲ್ ತುಂಬುವ ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದರೆ ಒಳಗಡೆ ಬಿಳಿಚಿದ ಕೆನೆಯಂಥ ಅಂಟು. ಕೇಳಿದರೆ ಅವರು ಹೆಮ್ಮೆಯಿಂದಲೇ ಹೇಳಿದರು, ಚಳಿಗಾಲದಲ್ಲೂ ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ ಅಂತ.

ಈ ಐದು ನಿಮಿಷದ ಸೇವೆ ಇದೆಯಲ್ಲ, ಅದರಿಂದ ಎಂಜಿನ್ ಹಾಳಾಗುವುದೇ ಜಾಸ್ತಿ. ಪೆಟ್ರೋಲ್ ಉರಿದರೆ ನೀರಿನ ಆವಿ ಬರುತ್ತದೆ, ತಣ್ಣನೆಯ ಎಂಜಿನ್‌ನಲ್ಲಿ ಅದು ಒಳಗೋಡೆಗೆ ನೀರಾಗಿ ಕೂತು ಆಯಿಲ್ ಜೊತೆ ಸೇರುತ್ತದೆ, ಅರ್ಧ ಗಂಟೆ ಚೆನ್ನಾಗಿ ಓಡಿಸಿ ಆಯಿಲ್ ಪೂರ್ತಿ ಕಾಯ್ದರೆ ಮಾತ್ರ ಅದು ಆವಿಯಾಗಿ ಹೊರಗೆ ಹೋಗುವುದು. ಓಡಿಸಲಾಗದಿದ್ದರೆ ಮುಟ್ಟಲೇಬಾರದು. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಕೊಟ್ಟು, ಮಾರ್ಚ್ ತನಕ ಮಲಗಲು ಬಿಡಬೇಕು.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. ಇಷ್ಟು ಕಡಿಮೆ ಮೈಲಿಗೆ ಯಾಕೆ ಬದಲಾಯಿಸಬೇಕು ಅಂತ ನನ್ನನ್ನೇ ತಿರುಗಿ ಕೇಳಿದರು. ಅಂದರೆ ಫ್ಯಾಕ್ಟರಿಯಲ್ಲಿ ಹಾಕಿದ ಬೆಲ್ಟೇ, ಇಪ್ಪತ್ತೈದು ವರ್ಷದ ರಬ್ಬರು. ಎಡಬಲಕ್ಕೆ ಮೂರು ಮೂರು ಸಿಲಿಂಡರ್ ಮಲಗಿರುವ ಈ ಎಂಜಿನ್‌ನಲ್ಲಿ ಒಂದೊಂದು ಬದಿಯ ಕ್ಯಾಮ್‌ಶಾಫ್ಟಿಗೆ, ಅಂದರೆ ವಾಲ್ವುಗಳನ್ನು ತೆರೆಯುವ ದಂಡಕ್ಕೆ, ಒಂದೊಂದು ಬೆಲ್ಟು. ಓಡುವಾಗ ಒಂದು ಕಿತ್ತರೆ ಆ ಬದಿಯ ವಾಲ್ವುಗಳು ತೆರೆದ ಕಡೆಯೇ ನಿಲ್ಲುತ್ತವೆ, ಪಿಸ್ಟನ್ ಬಂದು ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ಮೀರಬಹುದು. ಬೆಲ್ಟು ಹಾಕಿಸುವ ಕೆಲಸ ದೊಡ್ಡದಲ್ಲ ಮಾರಾಯ್ರೇ, ಮುಂದಿನ ಕವರ್ ಬಿಚ್ಚಬೇಕು, ಗುರುತು ಸರಿ ಕೂರಿಸಬೇಕು, ಒಂದು ಮಧ್ಯಾಹ್ನದ ಮಾತು. 2001ರಲ್ಲಿ ಬಂದ 1800ರಲ್ಲಿ ಬೆಲ್ಟ್ ತೆಗೆದು ಚೈನ್ ಹಾಕಿದರು, ಅವರಿಗೆ ಈ ತಲೆನೋವಿಲ್ಲ.

ಎರಡನೆಯ ಗಾಡಿ ನೋಡಲು ಹೋಗುವ ದಾರಿಯುದ್ದಕ್ಕೂ ಹುಡುಗನದು ಒಂದೇ ವಾದ. "ಅಣ್ಣ, ಒಂದು ಲಕ್ಷದ ಮೇಲೆ ಓಡಿರೋ ಎಂಜಿನ್‌ನಲ್ಲಿ ಇನ್ನೇನು ಉಳಿದಿರುತ್ತೆ?" ಊರಿನ ನೂರು ನೂರೈವತ್ತು ಸಿಸಿ ಗಾಡಿಗಳ ಲೆಕ್ಕ ಅವನದು, ತಪ್ಪಲ್ಲ. ಆದರೆ ಈ 1520 ಸಿಸಿ ಎಂಜಿನ್ ಕೊಡುವುದೇ ಸುಮಾರು 100 ಅಶ್ವಶಕ್ತಿ, ಇವತ್ತಿನ 600 ಸಿಸಿ ಸ್ಪೋರ್ಟ್ಸ್ ಬೈಕುಗಳೇ ಅದಕ್ಕಿಂತ ಜಾಸ್ತಿ ಕೊಡುತ್ತವೆ. ಹೈವೇಯಲ್ಲಿ ಗಂಟೆಗೆ 60 ಮೈಲಿ ಹೋಗುವಾಗ ಆರ್‌ಪಿಎಂ ಮೂರು ಸಾವಿರದ ಒಳಗೇ ಇರುತ್ತದೆ. ನೀರು ಸುತ್ತುವುದರಿಂದ ಟ್ರಾಫಿಕ್ಕಿನಲ್ಲೂ ಬಿಸಿ ಹತೋಟಿಯಲ್ಲಿ. ಎದುರುಬದುರು ಮಲಗಿದ ಆರು ಪಿಸ್ಟನ್ ಒಂದರ ತೂಕವನ್ನು ಇನ್ನೊಂದು ತೂಗಿಸುವುದರಿಂದ ನಡುಕವೇ ಇಲ್ಲ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿನ ಸಂದು ಸರಿಪಡಿಸುವುದು ಕೂಡ ಬೇಡ, ಆಯಿಲ್ ಒತ್ತಡವೇ ಆ ಕೆಲಸ ಮಾಡುತ್ತದೆ. ಸವೆಯಲಿಕ್ಕೆ ಅವಕಾಶವೇ ಕಡಿಮೆ.

ಹಾಗಂತ ಭಾರಿ ಟೂರಿಂಗ್ ಗಾಡಿಗಳೆಲ್ಲ ಹೀಗೇ ಅಂತ ಅಲ್ಲ. 1999ರಲ್ಲಿ ಬಂದ ಹಾರ್ಲೆಯ ಟ್ವಿನ್ ಕ್ಯಾಮ್ ಅನ್ನುವ ಎಂಜಿನ್ ಗಟ್ಟಿಯೇ, ಆದರೆ ಕ್ಯಾಮ್ ಚೈನನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ಪ್ಯಾಡ್ ಸವೆದು ಚೂರುಗಳು ಆಯಿಲ್ ಪಂಪಿಗೆ ಹೋಗುತ್ತಿದ್ದವು. 2007ರ ಮಾಡೆಲ್ ಹೊತ್ತಿಗೆ ಸ್ಪ್ರಿಂಗ್ ತೆಗೆದು ಹೈಡ್ರಾಲಿಕ್ ಮಾಡಿದರು. ಹೋಂಡಾದ್ದೇ ಹಳೇ 1200ರ ಗೋಲ್ಡ್‌ವಿಂಗ್‌ನಲ್ಲಿ ಸ್ಟೇಟರ್, ಅಂದರೆ ಕರೆಂಟ್ ಹುಟ್ಟಿಸುವ ಸುರುಳಿ ಸುಟ್ಟರೆ ಇಡೀ ಎಂಜಿನ್ ಕೆಳಗಿಳಿಸಬೇಕು, ಯಾಕಂದರೆ ಅದು ಎಂಜಿನ್ನಿನ ಹಿಂಭಾಗದಲ್ಲಿ ಹುದುಗಿದೆ. 1988ರಲ್ಲಿ 1500 ಬಂದಾಗ ಕಾರಿನ ಥರದ ಆಲ್ಟರ್ನೇಟರ್ ಹೊರಗಡೆ ಕೂರಿಸಿದರು. ದೊಡ್ಡ ಎಂಜಿನ್‌ಗಳನ್ನು ಮನೆಗೆ ಕಳಿಸುವುದು ಹೆಚ್ಚಾಗಿ ಇಂಥ ಸಣ್ಣ ಸಾಮಾನುಗಳೇ. ಪಿಸ್ಟನ್, ಕ್ರ್ಯಾಂಕ್ ಅಂತ ತಲೆ ಕೆಡಿಸಿಕೊಳ್ಳುವವರು ಹತ್ತು ಡಾಲರಿನ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದನ್ನು ನೋಡುವುದಿಲ್ಲ.

ಎರಡನೆಯ ಗಾಡಿಯ ಒಡತಿ ಎಪ್ಪತ್ತರ ಹತ್ತಿರದ ಅಜ್ಜಿ. ಬಣ್ಣ ಅಲ್ಲಲ್ಲಿ ಮಾಸಿದೆ, ಎಡಗಡೆ ಪೆಟ್ಟಿಗೆಗೆ ಗೀರು. ಗಾಡಿಯ ತೂಕವೇ 360 ಕಿಲೋ ಮೇಲೆ, ಮಂಡಿ ಕೇಳುತ್ತಿಲ್ಲ, ಅದಕ್ಕೇ ಮಾರುತ್ತಿದ್ದಾರೆ. ಇಲ್ಲಿ ಎಂಜಿನ್ ತಣ್ಣಗಿತ್ತು. ಚೋಕ್ ಎಳೆದು ಬಟನ್ ಒತ್ತಿದರು, ಎರಡು ಸುತ್ತಿಗೇ ಹತ್ತಿಕೊಂಡಿತು. ಚೋಕ್ ತೆಗೆದ ಮೇಲೆ ಎಂಟುನೂರರ ಆಸುಪಾಸಿನಲ್ಲಿ ಮುಳ್ಳು ಅಲುಗದೆ ನಿಂತಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎರಡೂ ಬದಿಯ ಸಿಲಿಂಡರ್ ಹೆಡ್ಡಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೇಳಿದೆ, ಸದ್ದು ಸಮ. ಫ್ಯಾನ್ ತಾನಾಗಿ ತಿರುಗುವ ತನಕ ಬಿಟ್ಟೆವು, ತಿರುಗಿತು, ಬಿಸಿ ಇಳಿಯಿತು, ನಿಂತಿತು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಸೀಲ್ ಹೋದರೆ ಅಲ್ಲಿಂದ ತೊಟ್ಟಿಕ್ಕಿ ಹಸಿರು ಕಲೆ ಕಟ್ಟುತ್ತದೆ. ಒಣಗಿತ್ತು.

ಆಮೇಲೆ ಅಜ್ಜಿ ಒಂದು ನೋಟ್‌ಬುಕ್ ತಂದರು. ಪ್ರತಿ ಆಯಿಲ್ ಚೇಂಜ್, ತಾರೀಕು, ಮೈಲಿ, ಯಾವ ಆಯಿಲ್, ಎಲ್ಲ ನೀಲಿ ಇಂಕಿನಲ್ಲಿ. ಬೈಕಿನ ಆಯಿಲ್ಲೇ ಹಾಕಿದ್ದಾರೆ, ಕಾರಿನ ತೆಳು ಆಯಿಲ್ ಅಲ್ಲ. ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಇದು ಮುಖ್ಯ. ಏರ್ ಫಿಲ್ಟರ್ ಕೂಡ ಸರಿಯಾಗಿ ಬದಲಾಗಿದೆ, ಮೇಲಿನ ಸುಳ್ಳು ಟ್ಯಾಂಕ್ (ಟ್ಯಾಂಕಿನಂತೆ ಕಾಣುವ ಬರೀ ಕವರ್) ಎಲ್ಲ ಬಿಚ್ಚಬೇಕಾದ ಕೆಲಸ ಅದು, ಎಷ್ಟೋ ಜನ ಮುಂದೂಡುತ್ತಲೇ ಇರುತ್ತಾರೆ. ಬೆಲ್ಟ್ ಬದಲಾಗಿದ್ದು 2016ರಲ್ಲಿ. ಒಂಬತ್ತು ವರ್ಷ ಆಗಿದೆ, ಅದನ್ನು ತೋರಿಸಿ ಸ್ವಲ್ಪ ಬೆಲೆ ಇಳಿಸಿ ಅಂದೆವು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, "ಅದು ನ್ಯಾಯವೇ" ಅಂದರು.

ಹುಡುಗ ನೋಟ್‌ಬುಕ್ಕನ್ನು ಎರಡು ಸಲ ತಿರುವಿ ಹಾಕಿದ. ಆಮೇಲೆ ಮೊದಲನೆಯ ಗಾಡಿಯ ಬಣ್ಣದ ಮಾತು ಎತ್ತಲಿಲ್ಲ. ವ್ಯವಹಾರ ಇವತ್ತೇ ಮುಗಿಯುತ್ತಿತ್ತು, ಆದರೆ ಒಹಾಯೊದಲ್ಲಿ ಮಾರುವವರು ಟೈಟಲ್ ಅನ್ನುವ ಮಾಲೀಕತ್ವದ ಪತ್ರಕ್ಕೆ ನೋಟರಿ ಎದುರಿಗೇ ಸಹಿ ಹಾಕಬೇಕು, ಶನಿವಾರ ಸಂಜೆ ನಮಗೆ ಯಾರೂ ಸಿಗಲಿಲ್ಲ. ಮುಂಗಡ ಕೊಟ್ಟು ಬಂದಿದ್ದೇವೆ, ಸೋಮವಾರ ಮಧ್ಯಾಹ್ನ ಬ್ಯಾಂಕಿನಲ್ಲಿ ಸೇರುವುದು. ಎರಡು ಬೆಲ್ಟು, ಮೂರು ಲೀಟರಿನ ಮೇಲೆ ಕೂಲಂಟ್, ಬ್ರೇಕ್ ಆಯಿಲ್, ಇಷ್ಟನ್ನು ರಾತ್ರಿಯೇ ಆರ್ಡರ್ ಮಾಡು ಅಂತ ಹೇಳಿದ್ದೇನೆ. ಟೈರ್ 2022ರದು, ಈ ವರ್ಷಕ್ಕೆ ಸಾಕು.