ಆಟಿ ಮಳೆಯಲ್ಲೊಂದು ಪೇಟೆಯ ಚಿತ್ರ

ತುಳುವರ ಆಟಿ ತಿಂಗಳ ಮಳೆ ಹಿಡಿದರೆ ಕಾಸರಗೋಡಿನಲ್ಲಿ ಅಕ್ರಿಲಿಕ್ ಬಣ್ಣ ಒಣಗಲು ಕಾಯುವುದೇ ಅರ್ಧ ಕೆಲಸ. ಮೊನ್ನೆ 24×30 ಇಂಚಿನ ಕ್ಯಾನ್ವಾಸಿನಲ್ಲಿ ಪೇಟೆಯ ಹೆಂಚಿನ ಮಾಡು, ಮುರಕಲ್ಲ (ಕೆಂಪು ಜಂಬಿಟ್ಟಿಗೆಯ) ಗೋಡೆ, ಹೊಸ ಕಾಂಕ್ರೀಟು ಎಲ್ಲವನ್ನೂ ಬರೀ ಚೌಕ, ತ್ರಿಕೋನಗಳಲ್ಲಿ ಬಿಡಿಸಲು ಹೊರಟರೆ, ಬೆಳಗ್ಗೆ ಬಳಿದ ಜೆಸ್ಸೋ (ಬಣ್ಣಕ್ಕೂ ಮೊದಲು ಕ್ಯಾನ್ವಾಸಿಗೆ ಹಚ್ಚುವ ಬಿಳಿ ಅಡಿಪದರ) ಮಧ್ಯಾಹ್ನವಾದರೂ ಬೆರಳಿಗೆ ತಣ್ಣಗೆ. ತಣ್ಣಗಿದೆ ಎಂದರೆ ನೀರಿನ್ನೂ ಆರಿಲ್ಲ. ಆಗ ಅಂಚು ನೇರ ಬರಲೆಂದು ಟೇಪ್ ಅಂಟಿಸಿದರೆ ಜೆಸ್ಸೋ ಸಮೇತ ಕಿತ್ತು ಬರುತ್ತದೆ. ಫ್ಯಾನ್ ಹಾಕಿ ಸಂಜೆಯವರೆಗೆ ಬಿಟ್ಟದ್ದಾಯಿತು.

ಈ ಬಗೆಯ ಚಿತ್ರದಲ್ಲಿ ಬೆಳಕನ್ನು ಕೊನೆಗೆ ಬಿಳಿ ಬಳಿದು ತರಲು ಹೋಗಬಾರದು. ಟೈಟಾನಿಯಂ ವೈಟ್ ಬೆರೆಸಿದರೆ ಯಾವ ಬಣ್ಣವೂ ಸುಣ್ಣ ಹೊಡೆದಂತೆ ಮಂಕಾಗುತ್ತದೆ. ಪಾರದರ್ಶಕ ಪದರಗಳನ್ನು ದಾಟಿಹೋದ ಬೆಳಕು ಅಡಿಯ ಬಿಳಿ ಜೆಸ್ಸೋಗೆ ತಾಗಿ ಮರಳಿದಾಗಲೇ ಚಿತ್ರ ಬೆಳಗುವುದು. ಹಾಗಾಗಿ ಎರಡು ಕಟ್ಟಡಗಳ ನಡುವೆ ಬಿಸಿಲು ಬೀಳುವ ಓರೆ ಪಟ್ಟಿಯನ್ನು ಮೊದಲೇ ಟೇಪಿನಿಂದ ಮುಚ್ಚಿಟ್ಟೆ.

ಒಂದು ಪಾಲು ಬಣ್ಣಕ್ಕೆ ಐದಾರು ಪಾಲು ಗ್ಲೇಜಿಂಗ್ ಮೀಡಿಯಂ, ಅಂದರೆ ಬಣ್ಣವನ್ನು ಪಾರದರ್ಶಕವಾಗಿಸುವ ಅಂಟುದ್ರವ, ನೀರಲ್ಲ. ನೀರು ಹೆಚ್ಚಾದರೆ ಬಣ್ಣದೊಳಗಿನ ಅಂಟು ತೆಳುವಾಗಿ ಪದರವೇ ಎದ್ದು ಬರಬಹುದು. ಥಾಲೋ ನೀಲಿ ಗುಂಡುಸೂಜಿಯ ತಲೆಯಷ್ಟು ಸಾಕು, ಅದು ಉಳಿದದ್ದನ್ನೆಲ್ಲ ನುಂಗುವ ಜಾತಿ. ಮುರಕಲ್ಲಿಗೆ ಮೊದಲು ತೆಳು ಹಳದಿ, ಆರಿದ ಮೇಲೆ ಎರಡು ಸಲ ಟ್ರಾನ್ಸ್‌ಪರೆಂಟ್ ರೆಡ್ ಐರನ್ ಆಕ್ಸೈಡ್ ಎಂಬ ಕಬ್ಬಿಣದಂಶದ ಪಾರದರ್ಶಕ ಕೆಂಪು. ಕಲ್ಲಿನ ಕೆಂಪಿಗೂ ಕಬ್ಬಿಣವೇ ಕಾರಣವಲ್ಲವೇ, ಹೊಂದದೆ ಎಲ್ಲಿಗೆ ಹೋದೀತು! ಗೋಡೆಯ ಈ ಕೆಂಪಿನ ಮೇಲೆ ಪಕ್ಕದ ಕಟ್ಟಡದ ನೀಲಿ ತ್ರಿಕೋನ ಹಾಯ್ದಲ್ಲಿ ಬೂದುಗಂದು ಹುಟ್ಟಿತು. ನೆರಳಿಗೆ ಬೇರೆ ಕಪ್ಪು ಬೇಕಾಗಲಿಲ್ಲ.

ಗೆರೆ ಕೆಡುವುದು ಟೇಪಿನ ಅಂಚಿನಲ್ಲಿ. ಅಂಚನ್ನು ಉಗುರಿನಿಂದ ಒತ್ತಿ, ಅದರ ಮೇಲೆ ಬಣ್ಣವಿಲ್ಲದ ಮ್ಯಾಟ್ ಮೀಡಿಯಂ ಒಂದು ಸಲ ಸವರಬೇಕು. ಸಂದಿಗೆ ನುಗ್ಗುವುದಿದ್ದರೆ ಅದೇ ನುಗ್ಗಿ ಬಾಗಿಲು ಮುಚ್ಚುತ್ತದೆ. ಮಾಡಿನ ಬದಿಯಲ್ಲಿ ಇದನ್ನು ಬಿಟ್ಟದ್ದಕ್ಕೆ ನೀಲಿ ಕೂದಲೆಳೆಯಂತೆ ಹಳದಿಯೊಳಗೆ ಹರಿಯಿತು. ಹಸಿ ಇರುವಾಗಲೇ ಒದ್ದೆ ಹತ್ತಿಕಡ್ಡಿಯಲ್ಲಿ ಎತ್ತಿದ್ದರಿಂದ ಬಚಾವ್. ಒಣಗಿದ್ದರೆ ಅಷ್ಟು ಜಾಗಕ್ಕೆ ಮತ್ತೆ ಜೆಸ್ಸೋ, ಮತ್ತೆ ಎಲ್ಲ ಪದರ.

ಟೇಪನ್ನು ಬಣ್ಣ ಪೂರ್ತಿ ಬಿಗಿಯುವ ಮೊದಲೇ, ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಬೇಕು. ಮುಚ್ಚಿಟ್ಟ ಬಿಸಿಲಿನ ಪಟ್ಟಿಯನ್ನು ಮರುದಿನ ಕೊನೆಗೆ ಬಿಚ್ಚಿದೆ. ಬರೀ ಬಿಳಿ ತುಸು ಕಣ್ಣಿಗೆ ಚುಚ್ಚಿದ್ದರಿಂದ ಕೆಳತುದಿಗೆ ಮಾತ್ರ ಹಳದಿಯ ಒಂದು ತೆಳು ಕೈ ಆಡಿಸಿದೆ.